ನಲವತ್ತೊಂದನೆಯ ಕಂಬ

ತಿಂಗಳ ಮೊದಲ ಮಂಗಳವಾರ, ಗ್ರೀನಕ್‌ನಲ್ಲಿ,
ಶಾಲೆಯ ಊಟದ ಕೋಣೆಯಲ್ಲಿ ವಾರ್ಡಿನ ಸಭೆ.
ಏಳು ವರ್ಷದವರ ಕುರ್ಚಿಗಳಲ್ಲಿ
ಎಪ್ಪತ್ತರ ಮೊಣಕಾಲುಗಳು ಗದ್ದಕ್ಕೆ ತಾಗುವಂತೆ ಮಡಚಿ ಕೂತಿವೆ.
ಬೇಯಿಸಿದ ಕೋಸಿನ ವಾಸನೆ ಇನ್ನೂ ಹೋಗಿಲ್ಲ.
ಕೌನ್ಸಿಲರ್ ಐಲ್ಸಾ ಗಿಲ್‌ಕ್ರಿಸ್ಟ್ ಒದ್ದೆ ಕೋಟು ಬಿಚ್ಚದೆ
"ಒಬ್ಬೊಬ್ಬರಾಗಿ" ಅನ್ನುತ್ತಾರೆ.
ಒಬ್ಬೊಬ್ಬರಾಗಿ ಯಾರೂ ಮಾತಾಡುವುದಿಲ್ಲ.

ನಾನು ಗುಮಾಸ್ತ. ಬರೆದುಕೊಳ್ಳುವುದು ನನ್ನ ಕೆಲಸ:
ಎಡಕ್ಕೆ ದೂರು, ಬಲಕ್ಕೆ ಕ್ರಮ,
ನಡುವೆ ಸ್ಕೇಲಿಟ್ಟು ಎಳೆದ ಗೆರೆ.

ಜಲಾಶಯದ ಹಿಂದೆ ಹುಡುಗರ ಬೈಕು,
ಕಿವಿಯೊಳಗೆ ಗರಗಸ ಆಡಿಸಿದ ಹಾಗೆ, ಅಂದರು
ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ಕಬ್ಬಿಣ ಬಡಿದು
ಅರೆಕಿವುಡಾದ ಡುಗಾಲ್ಡ್ ಮಕಾಸ್ಕಿಲ್.
ಯಾರೋ ನಕ್ಕರು. ಅವರಿಗೆ ಕೇಳಿಸಲಿಲ್ಲ.
ಪೊಲೀಸ್ ಹುಡುಗಿ ಡೈರಿ ತೆರೆದು, ಮುಚ್ಚಿ,
"ಬೆನ್ನಟ್ಟಿದರೆ ಬೀಳುತ್ತಾರೆ, ಬಿದ್ದರೆ ಸಾಯುತ್ತಾರೆ" ಅಂದಳು.
ಕೋಣೆ ಕೆಮ್ಮುವುದನ್ನೂ ಮರೆಯಿತು.
ಆ ಹುಡುಗರ ಹೆಸರು ಇಲ್ಲಿ ಹಲವರಿಗೆ ಗೊತ್ತು;
ಇಬ್ಬರಂತೂ ಅವರ ಅಜ್ಜಂದಿರು.
ಕ್ರಮ: ಗಸ್ತು ಹೆಚ್ಚಿಸುವುದು.

ಆಮೇಲೆ ಬೊಗ್ದನ್‌ನ ಸರದಿ.
ಆತ ಬಂದಿರಲಿಲ್ಲ. ಈ ಹೊತ್ತಿಗೆ ಮಲಗಿರುತ್ತಾನೆ.
ಬೆಳಗಿನ ಜಾವ ಮೂರೂವರೆಗೆ ಅವನ ಬೇಕರಿಯ ಶಟರು
ಧಡಾರನೆ ಮೇಲೇಳುತ್ತದೆ,
ಬೆನ್ನಿಗೇ ವ್ಯಾನಿನ ಬಾಗಿಲು, ಎರಡು ಸಲ;
ಮೊದಲ ಸಲಕ್ಕೆ ಅದು ಹಾಕಿಕೊಳ್ಳುವುದಿಲ್ಲ.
ಮಿಸೆಸ್ ರಾಟ್ರೇ ನೂರ ಹನ್ನೆರಡು ರಾತ್ರಿಯ ಲೆಕ್ಕ ತಂದಿದ್ದಾರೆ,
ನೀಲಿಯಲ್ಲಿ ನಿಮಿಷ, ಕೆಂಪಿನಲ್ಲಿ ಎದೆಬಡಿತ.
"ಬ್ರೆಡ್ಡು ಮಾತ್ರ ಚೆನ್ನಾಗಿರುತ್ತೆ" ಅಂತ
ಪಕ್ಕದವರಿಗೆ ಪಿಸುಗುಟ್ಟಿದ್ದನ್ನು ನಾನು ಬರೆಯಲಿಲ್ಲ.

ಕೌನ್ಸಿಲರ್ ಬರೆಸುತ್ತಿದ್ದರು:
ನೋಟಿಸು, ಹದಿನಾಲ್ಕು ದಿನ, ಶಟರಿಗೆ...
ಬಾಗಿಲ ಬಳಿ ನಿಂತೇ ಇದ್ದವಳು ಕೈಯೆತ್ತಿದಳು.
ಆಸ್ಪತ್ರೆಯ ನೆಲ ಒರೆಸುವವರ ಅಂಗಿ. ಹೆಸರು ಸೆಲಾಮಾವಿಟ್.
"ಆ ಶಬ್ದ ಬಿಡಿ," ಅಂದಳು.
"ನನ್ನ ಪಾಳಿ ಮುಗಿಯುವುದು ಮೂರಕ್ಕೆ.
ಓಣಿಯಲ್ಲಿ ನೂರಾ ಆರು ಮೆಟ್ಟಿಲು.
ನಲವತ್ತೊಂದನೆಯ ಕಂಬ ಆರಿ ಹನ್ನೊಂದು ವಾರ.
ಅಲ್ಲಿ ನನ್ನ ಹೆಜ್ಜೆಯೇ ನನ್ನ ಬೆನ್ನು ಹತ್ತುತ್ತದೆ.
ಬೀಗದ ಕೈ ಬೆರಳ ನಡುವೆ ಸಿಕ್ಕಿಸಿಕೊಂಡು
ತಂಗಿಯ ಜೊತೆ ಫೋನಿನಲ್ಲಿರುವ ಹಾಗೆ
ಒಬ್ಬಳೇ ಮಾತಾಡುತ್ತ ಇಳಿಯುತ್ತೇನೆ.
ಆಗ ಧಡಾರ್.
ಯಾರೋ ಎದ್ದಿದ್ದಾರೆ.
ಬಾಗಿಲು ಎರಡನೇ ಸಲ ಬಡಿದಾಗ
ಫೋನು ಜೇಬಿಗೆ ಹಾಕುತ್ತೇನೆ."

ಮಿಸೆಸ್ ರಾಟ್ರೇ ಹಾಳೆಗಳನ್ನು ಜೋಡಿಸಿದರು, ಮತ್ತೆ ಕೆದಕಿದರು.
"ಮೂರು ಮೂವತ್ತೆರಡು," ಅಂದರು, "ಅದು ನೀನಾ?
ಕಿಟಕಿಯ ಕೆಳಗೆ ಹೆಜ್ಜೆ ಸದ್ದು, ಗೊಣಗಾಟ,
ಅಪರಿಚಿತ, ಅಂತ ಬರೆದಿದ್ದೇನೆ."
ತಿರುಗಿಸಿ ತೋರಿಸಿದರು.
ಇತ್ತು. ಎಪ್ಪತ್ತು ಸಲ. ಕೆಂಪಿನಲ್ಲಿ.

ಕೌನ್ಸಿಲರ್ ನನ್ನ ಕಡೆ ನೋಡಿದರು.
ಗೆರೆಯ ಬಲಕ್ಕೆ ಪೆನ್ನು ನಿಂತುಬಿಟ್ಟಿತ್ತು.
ಕಂಬ, ಎಂದು ಬರೆದೆ.
ಶಟರು, ಎಂದು ಬರೆದು ಹೊಡೆದುಹಾಕಿದೆ,
ಹೊಡೆದದ್ದು ಕಾಣುವಂತೆ ಬಿಟ್ಟೆ.

ಮೂರು ವಾರಕ್ಕೆ ದೀಪ ಬಂತು,
ಹಲ್ಲಿನ ಡಾಕ್ಟರ ಕೋಣೆಯಂಥ ಬಿಳಿ ಬೆಳಕು.
ಮಾರನೆಯ ದಿನವೇ ಏಳನೇ ನಂಬರಿನವರ ಕಾಗದ:
ಪರದೆ ಎಳೆದರೂ ಕಣ್ಣು ಮುಚ್ಚಲಾಗುತ್ತಿಲ್ಲ.
ಬೈಕುಗಳು ಈಗ ರೈಲುಹಳಿಯ ಕಡೆ ಹೋಗಿವೆ,
ಅದು ಬೇರೆ ವಾರ್ಡು.

ಮಿಸೆಸ್ ರಾಟ್ರೇ ಲೆಕ್ಕ ನಿಲ್ಲಿಸಿಲ್ಲ.
ಹೊಸ ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟು ಹೋದರು.
ಮೂರು ಮೂವತ್ತೆರಡು: ಇಳಿದಳು.
ಮೂರು ಮೂವತ್ತೊಂದು: ಇಳಿದಳು.
ಮೂರು ಮೂವತ್ತನಾಲ್ಕು, ಮಂಜು: ಇಳಿದಳು.
ಒಂದೇ ಒಂದು ದಿನ ಖಾಲಿ.
ಆ ರಾತ್ರಿ ಅವರು ಬೆಳಗಾಗುವ ತನಕ
ಕಿಟಕಿಯಲ್ಲೇ ಕೂತಿದ್ದರಂತೆ.
ಅವಳಿಗೆ ರಜೆಯಿತ್ತು, ಅಷ್ಟೆ.